ಸ್ಪಷ್ಟನೆ: ಕ್ಯಾಲಿಫೋರ್ನಿಯಾದಲ್ಲಿ ಐಸ್ (ICE, ಅಮೆರಿಕದ ವಲಸೆ ಜಾರಿ ಸಂಸ್ಥೆ) ಯಾರನ್ನೂ ಬಂಧಿಸುವಂತಿಲ್ಲವೇ?

"ಕ್ಯಾಲಿಫೋರ್ನಿಯಾದಲ್ಲಿ ಐಸ್ ಯಾರನ್ನೂ ಹಿಡಿಯುವಂತಿಲ್ಲ, ರಾಜ್ಯದ ಕಾನೂನೇ ತಡೆದಿದೆ" ಎಂಬ ವಾಟ್ಸಾಪ್ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು. ದಯವಿಟ್ಟು ಸುಮ್ನೆ ನಂಬಿ ಕೂರಬೇಡಿ.

ಆ ಕಾನೂನು ಎಸ್‌ಬಿ 54. 2018ರ ಜನವರಿ 1ರಿಂದ ಜಾರಿಯಲ್ಲಿದೆ. ಅದು ಅನ್ವಯವಾಗುವುದು ರಾಜ್ಯದ ಮತ್ತು ಸ್ಥಳೀಯ ಪೊಲೀಸರಿಗೆ, ಶೆರಿಫರಿಗೆ (ಕೌಂಟಿಯ, ಅಂದರೆ ಜಿಲ್ಲೆಯ ಪೊಲೀಸ್ ಮುಖ್ಯಸ್ಥರಿಗೆ). ಜೈಲಿನಿಂದ ಬಿಡುಗಡೆ ಆಗಬೇಕಾದವರನ್ನು "ಇನ್ನೂ 48 ಗಂಟೆ ಇಟ್ಟುಕೊಳ್ಳಿ" ಎಂದು ಐಸ್ ಕೇಳುವುದುಂಟು. ಇದಕ್ಕೆ ಡಿಟೇನರ್ ಎನ್ನುತ್ತಾರೆ. ಅದರಲ್ಲಿ ಜಡ್ಜ್ ಸಹಿ ಇರುವುದಿಲ್ಲ, ಅದು ಬರೀ ಕೋರಿಕೆ. ಆ ಕಾಗದ ನೋಡಿ ಪೊಲೀಸರು ಯಾರನ್ನೂ ಜಾಸ್ತಿ ಹೊತ್ತು ಇಟ್ಟುಕೊಳ್ಳುವಂತಿಲ್ಲ. ಕಾನೂನು ಹೇಳುವುದು ಇದನ್ನೇ.

ಆದರೆ ಐಸ್ ಕೇಂದ್ರ ಸರ್ಕಾರದ್ದು ಅಲ್ವಾ? ಅದು ತಾನಾಗಿಯೇ ಬಂದು ಬಂಧಿಸುವುದನ್ನು ಎಸ್‌ಬಿ 54 ತಡೆಯುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ನಮ್ಮವರಲ್ಲಿ ಯಾರಿಗಾದರೂ ವೀಸಾ ತೊಂದರೆ ಇದ್ದರೆ, ಈ ಮೆಸೇಜ್ ನೆಚ್ಚದೆ ಬೇಗ ವಲಸೆ ವಕೀಲರನ್ನು ಕಾಣಲಿ.