ಕನಾರ್ಟಕದಲ್ಲೊಂದು ಮನೆ

ಬಿಡುವಿನ ವೇಳೆಯಲ್ಲಿ ನಾನೇ ಬರೆದುಕೊಂಡ ಪುಟ್ಟ ಟೆಕ್ಸ್ಟ್ ಎಡಿಟರೊಂದು ನನ್ನ ಬಳಿ ಇದೆ. ಹಳೆಯ ಕನ್ನಡ ಕಡತಗಳನ್ನೂ ಅದು ತೆರೆಯುವಂತಾಗಲಿ ಎಂಬ ಹುಮ್ಮಸ್ಸಿನಲ್ಲಿ, ಭಾರತೀಯ ಲಿಪಿಗಳಿಗೆಂದು 1991ರಲ್ಲಿ ಪ್ರಮಾಣಕವಾದ ಇಸ್ಕಿ ಎಂಬ ಅಕ್ಷರ ಸಂಕೇತ ಪದ್ಧತಿಯನ್ನು ಎರಡು ಭಾನುವಾರ ಕುಳಿತು ಅದಕ್ಕೆ ಅಳವಡಿಸಿದೆ. ವಿಂಡೋಸಿನ ಲೆಕ್ಕದಲ್ಲಿ ಕನ್ನಡ ಇಸ್ಕಿಯ ಕೋಡ್ ಪೇಜ್, ಎಂದರೆ ಕಡತದಲ್ಲಿರುವ ಅಂಕಿಗಳನ್ನು (ಬೈಟುಗಳನ್ನು) ಯಾವ ಲಿಪಿಯಾಗಿ ಓದಬೇಕೆಂದು ತಿಳಿಸುವ ಸಂಖ್ಯೆ, 57008. ಅದನ್ನು 57009 ಮಾಡಿದರೆ ಅದೇ ಬೈಟುಗಳು ಮಲಯಾಳಂ ಆಗಿ ಮೈದೋರುವ ಸೊಗಸನ್ನು ಹೆಂಡತಿಗೆ ತೋರಿಸಿದ್ದೂ ಆಯಿತು. ಇಸ್ಕಿಯಲ್ಲಿರುವ ಒಂದೇ ಒಂದು ಕಡತವಾದರೂ ನಮ್ಮ ಬಂಧುಬಳಗದಲ್ಲಿ ಯಾರ ಬಳಿಯಾದರೂ ಇದೆಯೇ ಎಂದು ಅವಳು ಕೇಳಿದಳು. ಇರಲಿಲ್ಲ.

ಇದ್ದದ್ದು ಮಾವನವರ ಕಡತ. ನಿವೃತ್ತ ಕನ್ನಡ ಮೇಷ್ಟರಾದ ಅವರು ತಾವು ಮನೆ ಕಟ್ಟಿಸಿದ ಕಥೆಯನ್ನು 2003ರಲ್ಲಿ ನುಡಿ ಎಂಬ ಕನ್ನಡ ತಂತ್ರಾಂಶದ ಫಾಂಟಿನಲ್ಲಿ ಬೆರಳಚ್ಚಿಸಿ ಜೋಪಾನವಾಗಿ ಇಟ್ಟಿದ್ದರು. ನನ್ನ ಎಡಿಟರಿನಲ್ಲಿ ಅದನ್ನು ತೆರೆದಾಗ, ‘ಕನ್ನಡ’ ಎಂದಿರಬೇಕಾದಲ್ಲಿ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೀಟು ಹೊತ್ತ ಎ, ಬ್ರಿಟಿಷರ ಪೌಂಡ್ ಚಿಹ್ನೆ, ಪುನಃ ಗೀಟಿನ ಎ, ಜರ್ಮನರ ಜೋಡಿ ಎಸ್, ಚಿಕ್ಕ ಕ್ಯೂ, ಮತ್ತೊಮ್ಮೆ ಅದೇ ಎ ಸಾಲಾಗಿ ನಿಂತಿದ್ದವು. ಕಂಪ್ಯೂಟರಿನ ಪಾಲಿಗೆ ಇದು ಅಪ್ಪಟ ಪಶ್ಚಿಮ ಯುರೋಪಿನ ಪಠ್ಯ. ಪಿಗೆ ಕಕಾರದ ಒಡಲನ್ನೂ ಗೀಟಿನ ಎಗೆ ತಲೆಕಟ್ಟನ್ನೂ ಜೋಡಿ ಎಸ್‌ಗೆ ನಕಾರದ ಒತ್ತನ್ನೂ ಫಾಂಟು ತೊಡಿಸಿದಾಗ ಮಾತ್ರ ನಮ್ಮ ಕಣ್ಣಿಗೆ ಕನ್ನಡ.

ಯಾವ ಚಿಹ್ನೆಗೆ ಯಾವ ಅಕ್ಷರ ಎಂಬ ಪಟ್ಟಿ ಮಾಡಿ, ಒಂದೊಂದನ್ನೇ ಇಂದು ಎಲ್ಲೆಡೆ ನಡೆಯುವ ಅಕ್ಷರ ಸಂಕೇತವಾದ ಯೂನಿಕೋಡ್‌ಗೆ ಬದಲಿಸಿ, ಮುದ್ರಿಸಿ, ಬೈಂಡ್ ಮಾಡಿಸಿ, ಮಾವನವರ ಹುಟ್ಟುಹಬ್ಬಕ್ಕೆ ಕೊಟ್ಟೆ. ಅವರು ಮೊದಲ ಪುಟವನ್ನು ಓದಿ, ಏನೂ ಹೇಳದೆ ಕೆಂಪು ಪೆನ್ನು ಕೇಳಿದರು.

ಅರ್ಕಾವತ್ತನ್ನು ನಾವು ಬರೆಯುವುದು ಅಕ್ಷರದ ನಂತರ, ಉಚ್ಚರಿಸುವುದು ಮೊದಲು. ನುಡಿ ಬರಹದ ಕ್ರಮವನ್ನು ಹಿಡಿದರೆ, ಯೂನಿಕೋಡ್ ಉಚ್ಚಾರದ ಕ್ರಮವನ್ನು ಹಿಡಿಯುತ್ತದೆ. ಆ ರಕಾರವನ್ನು ಹಿಂದಕ್ಕೆ ಎತ್ತಿಡಬೇಕೆಂದು ನನಗೆ ಹೊಳೆದಿರಲಿಲ್ಲವಾದ್ದರಿಂದ ಮಾವನವರು ‘ಕನಾರ್ಟಕ’ದ ನಿವಾಸಿಯಾಗಿದ್ದರು, ‘ಅಜಿರ್’ ಸಲ್ಲಿಸಿದ್ದರು, ಕೊನೆಗೆ ‘ಧಮರ್’ದ ಹಾದಿ ಹಿಡಿದೇ ಮನೆ ಕಟ್ಟಿಸಿದ್ದರು. “ಅರ್ಕಾವತ್ತು ಬಿಡುವ ಹುಡುಗರನ್ನು ಮೂವತ್ತು ವರ್ಷ ಕಂಡಿದ್ದೇನೆ, ಅದನ್ನು ಪಕ್ಕದ ಅಕ್ಷರಕ್ಕೆ ದಾಟಿಸುವವರನ್ನು ಇವತ್ತೇ ಕಂಡದ್ದು” ಎಂದರು.

ಇಷ್ಟು ಸಾಲದೆಂಬಂತೆ, ಅವರು ನಡುನಡುವೆ ಬಳಸಿದ್ದ ಇಂಗ್ಲಿಷನ್ನೂ ನನ್ನ ಪರಿವರ್ತಕ ಬಿಟ್ಟಿರಲಿಲ್ಲ. ನುಡಿಯಲ್ಲಿ ಇಂಗ್ಲಿಷಿನ ಎನ್ ಎಂದರೆ ಓ, ಓ ಎಂದರೆ ಔ, ಸಿ ಎಂದರೆ ಅ. ಯಾವುದು ನಿಜವಾದ ಇಂಗ್ಲಿಷ್, ಯಾವುದು ವೇಷ ಹಾಕಿದ ಕನ್ನಡ ಎಂದು ತಿಳಿಯುವ ಗುರುತು ಬರಿಯ ಬೈಟುಗಳಲ್ಲಿ ಇರುವುದಿಲ್ಲ. ಹೀಗಾಗಿ ಮನೆಯ ಎನ್‌ಓಸಿಗಾಗಿ ಅವರು ಕಚೇರಿಯೊಂದಕ್ಕೆ ಅಲೆದ ಅಧ್ಯಾಯದ ಉದ್ದಕ್ಕೂ, ಆ ಪತ್ರದ ಹೆಸರು ಬರಬೇಕಾದಲ್ಲೆಲ್ಲ ‘ಓಔಅ’ ಎಂದು ಮುದ್ರಣವಾಗಿತ್ತು.

ಆ ಪುಟಗಳಲ್ಲಿ ಮಾತ್ರ ಒಂದೂ ಕೆಂಪು ಗುರುತಿರಲಿಲ್ಲ. ಕಣ್ತಪ್ಪಿರಬಹುದೆಂದು ನಾನೇ ತೋರಿಸಿದಾಗ, ಅದು ಸರಿಯಾಗಿಯೇ ಇದೆ, ಹಾಗೆಯೇ ಇರಲಿ ಎಂದರು.