ಗುಂಡಿಗೆ ನಿಮ್ಮೂರಿನ ಹೆಸರು, ಗೌರವವೆಂದು ತಿಳಿಯಬೇಡಿ

ಮಂಗಳ ಗ್ರಹದ ಕುಳಿಗಳಿಗೆ ಹೆಸರಿಡುವ ಅಧಿಕಾರ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ್ದು. ಅದರ ನಿಯಮಾವಳಿಯನ್ನು ಓದಿದರೆ, ಸರ್ಕಾರಿ ಸುತ್ತೋಲೆ ಬರೆಯುವ ನಮ್ಮವರಿಗೆ ಆಕಾಶದಲ್ಲೂ ದಾಯಾದಿಗಳಿದ್ದಾರೆಂಬುದು ಖಾತ್ರಿಯಾಗುತ್ತದೆ. ಸುಮಾರು 50 ಕಿ.ಮೀ.ಗಿಂತ ಅಗಲವಾದ ಕುಳಿಗೆ ದಿವಂಗತ ವಿಜ್ಞಾನಿಯ ಅಥವಾ ಮಂಗಳದ ಬಗ್ಗೆ ಬರೆದ ದಿವಂಗತ ಸಾಹಿತಿಯ ಹೆಸರಿಡಬೇಕು. ಅದಕ್ಕಿಂತ ಚಿಕ್ಕದಾದರೆ ಭೂಮಿಯ ಮೇಲಿನ ಊರೊಂದರ ಹೆಸರು ಸಾಕು, ಆದರೆ ಆ ಊರಿನ ಜನಸಂಖ್ಯೆ ಸುಮಾರು ಒಂದು ಲಕ್ಷದ ಒಳಗಿರಬೇಕು. ಬೆನ್ನಿಗೇ ಇನ್ನೊಂದು ಒಕ್ಕಣೆ ಇದೆ: ಇದರಿಂದ ಯಾವ ಊರನ್ನೂ ಸ್ಮರಿಸುವ ಉದ್ದೇಶವಿಲ್ಲ. ಮದುವೆಗೆ ಕರೆದು, ಪಂಕ್ತಿಯಲ್ಲಿ ಕೂರಿಸಿ, ಎಲೆ ಹಾಕಿದ ಮೇಲೆ, ‘ನಿಮ್ಮನ್ನು ಕರೆದದ್ದು ಸಾಲು ತುಂಬಲೆಂದು ಮಾತ್ರ’ ಎಂದ ಹಾಗಾಯಿತು.

2024ರಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು ಪತ್ತೆಹಚ್ಚಿದ ಮೂರು ಕುಳಿಗಳಿಗೆ ಒಕ್ಕೂಟದ ಮುದ್ರೆ ಬಿತ್ತು. 65 ಕಿ.ಮೀ. ಅಗಲದ್ದಕ್ಕೆ ವಿಜ್ಞಾನಿ ದೇವೇಂದ್ರ ಲಾಲ್ ಅವರ ಹೆಸರು ಬಂತು, ಸರಿಯೇ. ಅದರ ಅಂಚಿನಲ್ಲಿ ಕೂತ, ತಲಾ ಸುಮಾರು 10 ಕಿ.ಮೀ. ಅಗಲದ ಎರಡಕ್ಕೆ ಉತ್ತರ ಪ್ರದೇಶದ ಮುರ್ಸಾನ್ ಮತ್ತು ಬಿಹಾರದ ಹಿಲ್ಸಾ ಊರುಗಳ ಹೆಸರು. ಭೂಮಿಯ ಮೇಲಿನ ಅಷ್ಟೊಂದು ಸಣ್ಣ ಊರುಗಳಲ್ಲಿ ಮೊದಲನೆಯದು ಆ ಪ್ರಯೋಗಾಲಯದ ಅಂದಿನ ನಿರ್ದೇಶಕರ ಹುಟ್ಟೂರೂ, ಎರಡನೆಯದು ತಂಡದ ವಿಜ್ಞಾನಿಯೊಬ್ಬರ ಹುಟ್ಟೂರೂ ಆಗಿರುವುದನ್ನು ಯಾರೂ ಸ್ಮರಣೆ ಎಂದು ತಪ್ಪು ತಿಳಿಯಬಾರದು; ಉದ್ದೇಶವಿಲ್ಲವೆಂದು ನಿಯಮವೇ ಹೇಳಿದೆ. (ನನಗೆ ತಕರಾರಿಲ್ಲ. ತನ್ನೂರಿನ ಹೆಸರು ಬಸ್ಸಿನ ಬೋರ್ಡಿಗಿಂತ ಮೇಲೇರಲಿ ಎಂಬ ಆಸೆ ನನಗೂ ಇದೆ.)

ಉದ್ದೇಶವಿಲ್ಲದೆಯೂ ಹೆಸರು ಕೆಲವೊಮ್ಮೆ ಗುರಿ ಮುಟ್ಟುತ್ತದೆ. 2021ರಲ್ಲಿ ನಾಸಾದ ಪರ್ಸಿವಿಯರೆನ್ಸ್ ರೋವರ್ ಇಳಿದ 45 ಕಿ.ಮೀ. ಅಗಲದ ಕುಳಿಯ ಹೆಸರು ಯೆಜೆರೊ. ಅದು ಬೋಸ್ನಿಯಾದ ಪುಟ್ಟ ಊರು. ಆ ನುಡಿಯಲ್ಲಿ ಯೆಜೆರೊ ಎಂದರೆ ಕೆರೆ, ಮತ್ತು ಆ ಕುಳಿ ಶತಕೋಟಿ ವರ್ಷಗಳ ಹಿಂದೆ ನಿಜವಾಗಿಯೂ ಕೆರೆಯಾಗಿತ್ತು. ಬತ್ತಿದ ಕೆರೆಗೆ ಕೆರೆಯೆಂಬ ಊರಿನ ಹೆಸರೇ ಸಲ್ಲುವುದಾದರೆ ಅರಸೀಕೆರೆ, ತರೀಕೆರೆ, ಹೊಳಲ್ಕೆರೆಗಳ ಹಕ್ಕು ಇನ್ನೂ ಗಟ್ಟಿಯಾದದ್ದು. ಮೂರೂ ಲಕ್ಷದೊಳಗಿನ ಊರುಗಳು. ಅವುಗಳ ಪುರಸಭೆ, ನಗರಸಭೆಗಳು ಬೆಳವಣಿಗೆಯ ಹುಚ್ಚಿಗೆ ಬೀಳದೆ ಬೇಗ ಅರ್ಜಿ ಹಾಕುವುದು ಒಳ್ಳೆಯದು. ಹೆಸರಿನಲ್ಲೇ ‘ಚಿಕ್ಕ’ ಎಂದಿಟ್ಟುಕೊಂಡ ಚಿಕ್ಕಮಗಳೂರು 2011ರ ಜನಗಣತಿಯ ಹೊತ್ತಿಗೇ ಲಕ್ಷ ದಾಟಿ, ಸಾಕಷ್ಟು ಚಿಕ್ಕದಲ್ಲವೆಂಬ ಕಾರಣಕ್ಕೆ ಮಂಗಳವನ್ನು ಕಳೆದುಕೊಂಡಿದೆ.