ಹರಾಜಿಗೆ ಬರದ 25 ಮುದ್ರೆಗಳು

ಚೀನಾ ಚಕ್ರವರ್ತಿಯ ಜೇಡ್ (ಬೆಲೆಬಾಳುವ ಗಟ್ಟಿ ಕಲ್ಲು) ಮುದ್ರೆ ಹರಾಜಾದಾಗಲೆಲ್ಲ ಅದನ್ನು "ಸಾಮ್ರಾಜ್ಯ ಆಳಿದ ಮುದ್ರೆ" ಅನ್ನುವವರಿದ್ದಾರೆ. ಇದು ಸಣ್ಣ ತಪ್ಪಲ್ಲ. 2021ರಲ್ಲಿ ಹಾಂಗ್‌ಕಾಂಗ್‌ನಲ್ಲಿ 14.57 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಹೋದ ಬಿಳಿ ಜೇಡ್ ಮುದ್ರೆಯಲ್ಲಿ ಕೆತ್ತಿರುವುದು 'ಜಿ ಎನ್ ಟಾಂಗ್' ಎಂಬ ಹೆಸರು. ಮುಂದೆ ಚಿಂಗ್ ವಂಶದ ಚಕ್ರವರ್ತಿಯಾದ ಬಾಲಕ ಚಿಯೆನ್‌ಲಾಂಗ್ 1722ರಲ್ಲಿ ತಾತ ಕಾಂಗ್‌ಶಿ ಚಕ್ರವರ್ತಿಯ ಜೊತೆ ಕಳೆದ ಚೆಂಗ್‌ಡೆಯ ಬೇಸಿಗೆ ಅರಮನೆಯ ಮಂದಿರಕ್ಕೆ, ತಾತನ ಕೃಪೆಯ ನೆನಪಿಗೆ, ಮುಂದೆ ಅವನೇ ಇಟ್ಟ ಹೆಸರು. ಅದು ಅವನ ಸ್ವಂತದ ಮುದ್ರೆ. ದಂಡು ಹೊರಡಿಸಲು ಅದನ್ನು ಒತ್ತುತ್ತಿರಲಿಲ್ಲ.

ರಾಜ್ಯದ ಮುದ್ರೆಗಳ ಮನೆ ಬೀಜಿಂಗ್ ಅರಮನೆಯ ಜಿಯಾವ್‌ಟಾಯ್ ಮಂದಿರ. ದೊರೆಯ ಚಿಯೆನ್‌ಚಿಂಗ್ ಅರಮನೆ, ರಾಣಿಯ ಕುನ್‌ನಿಂಗ್ ಅರಮನೆ, ಇವೆರಡರ ನಡುವೆ ಚೌಕಾಕಾರದಲ್ಲಿ ನಿಂತಿದೆ. ಆಕಾಶ–ಭೂಮಿಗಳ ಕೂಡಿಕೆ ಎಂಬುದು ಹೆಸರಿನ ಅರ್ಥ. 1797ರ ಬೆಂಕಿಗೆ ಸುಟ್ಟು ಮತ್ತೆ ಎದ್ದಿತು. ಚಿಯೆನ್‌ಲಾಂಗ್ 1746ರಲ್ಲಿ ಮುದ್ರೆಗಳ ಸಂಖ್ಯೆಯನ್ನು 25ಕ್ಕೆ ನಿಲ್ಲಿಸಿದ. 1, 3, 5, 7, 9 ಕೂಡಿದರೆ 25. ಚೀನೀಯರ ಲೆಕ್ಕದಲ್ಲಿ ಅದು ಆಕಾಶದ ಸಂಖ್ಯೆ. ಒಂದೊಂದಕ್ಕೂ ಒಂದೊಂದು ಕೆಲಸ: ಸೈನ್ಯ ಕೂಡಿಸಲು ಒಂದು, ವಿದ್ಯೆಯ ವಿಷಯಕ್ಕೆ ಒಂದು, ದಂಡಯಾತ್ರೆಗೆ ಒಂದು. ರಾಜಾಜ್ಞೆ, ಕ್ಷಮಾದಾನಗಳನ್ನು ಸಾರಲು ಬಳಸುತ್ತಿದ್ದುದಂತೂ ಜೇಡ್ ಅಲ್ಲವೇ ಅಲ್ಲ, ಶ್ರೀಗಂಧದ ಮರದ ಮುದ್ರೆ!

ಕಾಲ ಗುರುತಿಸಲು ಒಂದು ಸುಳಿವು ಹೇಳುತ್ತೇನೆ. ಈ ಮುದ್ರೆಗಳಲ್ಲಿ ಹೆಚ್ಚಿನವುಗಳಲ್ಲಿ ಎಡಕ್ಕೆ ಮಂಚು (ಚಿಂಗ್ ದೊರೆಗಳ ಭಾಷೆ), ಬಲಕ್ಕೆ ಚೀನೀ ಅಕ್ಷರ. ಮಂಚುವಿಗೆ ಮುದ್ರಾಲಿಪಿ, ಅಂದರೆ ಮುದ್ರೆಗೆಂದೇ ಇರುವ ಅಲಂಕಾರದ ಬರಹ, ರೂಪಿಸಿದ್ದು 1748ರಲ್ಲಿ; ಹಳೆಯ ನಾಲ್ಕನ್ನು ಬಿಟ್ಟು ಉಳಿದವನ್ನು ಆಗ ಮರಳಿ ಕೆತ್ತಿಸಿದರು. ಆ ಲಿಪಿಯಿದ್ದೂ ಅದಕ್ಕಿಂತ ಹಳೆಯದೆಂದು ಮಾರುವ ಮುದ್ರೆಯನ್ನು ನಂಬಬೇಡಿ. ಸ್ವಂತದ ಮುದ್ರೆಗಳಾದರೆ ಅರಮನೆಯಲ್ಲೇ ಅವುಗಳ ಅಚ್ಚು ಒತ್ತಿಟ್ಟ ಪುಸ್ತಕಗಳಿವೆ. ಗೆರೆಯ ತಿರುವು, ಅಕ್ಷರಗಳ ನಡುವಿನ ಅಂತರ, ಅಂಚಿನ ಅಳತೆ ಎಲ್ಲವನ್ನೂ ಅದಕ್ಕೆ ಹೋಲಿಸಿ ನೋಡಬೇಕು. ಜೇಡ್ ಉಕ್ಕಿನ ಉಳಿಗೆ ಬಗ್ಗುವ ಕಲ್ಲಲ್ಲ. ತಿರುಗುವ ಕಬ್ಬಿಣದ ಬಿಲ್ಲೆಗೆ ಒದ್ದೆ ಮರಳನ್ನೋ ಕುರುಂದದ ಪುಡಿಯನ್ನೋ ಉಣಿಸುತ್ತ ಸವೆಸಬೇಕು.

ಒತ್ತುವುದೂ ಸಲೀಸಲ್ಲ. ಕೆಂಪು ಲೇಪ ಅಂದರೆ ಇಂಗಳೀಕದ (ಪಾದರಸದ ಕೆಂಪು ಅದಿರು) ನುಣ್ಣನೆ ಪುಡಿ, ಹಳೆಯ ಹರಳೆಣ್ಣೆ, ಮಾಚಿಪತ್ರೆ ಜಾತಿಯ ಎಲೆಯ ನಾರು. ಎಣ್ಣೆ ಹೆಚ್ಚಾದರೆ ಅಚ್ಚಿನ ಸುತ್ತ ಹಳದಿ ಕಲೆ ಹರಡುತ್ತದೆ. ನಾರು ಕಡಿಮೆಯಾದರೆ ಲೇಪ ಗೆರೆಗಳ ಸಂದಿಗೆ ತುಂಬಿ ಅಕ್ಷರ ಮುಚ್ಚಿಹೋಗುತ್ತದೆ. ಮೆದುಗಲ್ಲಿನ ಹಾಗೆ ಜೇಡ್ ಲೇಪವನ್ನು ಹಿಡಿಯುವುದಿಲ್ಲ, ಜಾರಿಸುತ್ತದೆ. ಹಾಗಾಗಿ ತೆಳ್ಳಗೆ ಹಲವು ಸಲ ತಟ್ಟಿ, ಅಡಿಗೆ ಕೆಲವು ಹಾಳೆ ಮೆತ್ತೆ ಹಾಕಿ, ನೇರಕ್ಕೆ ಒತ್ತಿ, ನೇರಕ್ಕೇ ಎತ್ತಬೇಕು.

ಮುದ್ರೆಯ ಬೆಲೆ ಕೇಳುವ ಮೊದಲು ಅದು ಯಾವ ಮಂದಿರದ್ದು ಎಂದು ಕೇಳಿ. ಆ 25 ಮುದ್ರೆಗಳೂ ಬೀಜಿಂಗ್ ಅರಮನೆಯ ವಸ್ತುಸಂಗ್ರಹಾಲಯದಲ್ಲೇ ಇವೆ.